ಭಗತ್ ಸಿಂಗ್ ಮತ್ತು ಹಿಂಸೆ: ಚರ್ಚಾಸ್ಪರ್ಧೆಗೆ ವಾದ ಕಟ್ಟುವುದು ಹೇಗೆ?

ಮಂಡ್ಯ ವಿದ್ಯಾರ್ಥಿನಿ:
ಮಂಡ್ಯದಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ಇದೆ. ವಿಷಯ ‘ಭಗತ್ ಸಿಂಗ್ ನಂಬಿದ್ದು ಹಿಂಸೆಯನ್ನೇ’. ನನ್ನದು ವಿರೋಧ, ಸಮಯ ಐದು ನಿಮಿಷ. ದೆಹಲಿಯ ಅಸೆಂಬ್ಲಿಯಲ್ಲಿ ಅವರು ಎಸೆದ ಬಾಂಬಿನಿಂದ ಯಾರೂ ಸಾಯಲಿಲ್ಲ ಅನ್ನುವುದೊಂದರ ಮೇಲೇ ವಾದ ನಿಲ್ಲಿಸಬಹುದಾ? ಬ್ರಿಟಿಷ್ ಪೊಲೀಸ್ ಅಧಿಕಾರಿ ಸ್ಯಾಂಡರ್ಸ್ ಕೊಲೆ ಎತ್ತಿದರೆ ಏನು ಹೇಳಲಿ?

ಇತಿಹಾಸ ಮೇಷ್ಟ್ರು, ಮೈಸೂರು:
ಅದೊಂದರ ಮೇಲೆ ನಿಲ್ಲಿಸಬೇಡಮ್ಮ, ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ. ಸ್ಯಾಂಡರ್ಸ್ ವಿಷಯವನ್ನು ಅವರಿಗಿಂತ ಮೊದಲು ನೀನೇ ಎತ್ತು. 1928ರ ಡಿಸೆಂಬರ್ 17, ಲಾಹೋರ್. ಲಾಲಾ ಲಜಪತ ರಾಯರಿಗೆ ಬಿದ್ದ ಲಾಠಿ ಏಟಿಗೆ ಸೇಡು. ಗುರಿಯಿಟ್ಟಿದ್ದು ಪೊಲೀಸ್ ಅಧಿಕಾರಿ ಸ್ಕಾಟ್‌ಗೆ, ಸತ್ತದ್ದು ಸ್ಯಾಂಡರ್ಸ್. ಬೆನ್ನಟ್ಟಿ ಬಂದ ಚನನ್ ಸಿಂಗ್ ಎಂಬ ನಮ್ಮವನೇ ಆದ ಪೊಲೀಸನೂ ಭಗತ್ ಸಿಂಗ್ ಸಂಗಾತಿ ಚಂದ್ರಶೇಖರ ಆಜಾದರ ಗುಂಡಿಗೆ ಸತ್ತ. ಈ ಹೆಸರನ್ನು ಭಾಷಣಕಾರರು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ನೀನು ಹೇಳು, ಮಾತಿಗೆ ತೂಕ ಬರುತ್ತದೆ.

ಆಮೇಲೆ 1929ರ ಏಪ್ರಿಲ್ 8ರ ಅಸೆಂಬ್ಲಿ ಬಾಂಬಿಗೆ ಬಾ. ಅಲ್ಲಿ ರೀತಿಯೇ ಬೇರೆ. ಜನರಿಲ್ಲದ ಕಡೆ ಎಸೆದರು, ಕರಪತ್ರ ಚೆಲ್ಲಿದರು, ಓಡಿಹೋಗದೆ ನಿಂತರು. ಕೋರ್ಟನ್ನೇ ವೇದಿಕೆ ಮಾಡಿಕೊಳ್ಳುವುದು ಲೆಕ್ಕಾಚಾರ. ಕೆಲವರಿಗೆ ಗಾಯವಾದದ್ದನ್ನು ಮಾತ್ರ ಮುಚ್ಚಿಡಬೇಡ. ಜೈಲಿನಲ್ಲಿ ಅಸ್ತ್ರ ಉಪವಾಸ: 63 ದಿನ ಅನ್ನ ಬಿಟ್ಟು ಜೊತೆಯ ಕೈದಿ ಜತಿನ್ ದಾಸ್ ತೀರಿಕೊಂಡದ್ದು 1929ರ ಸೆಪ್ಟೆಂಬರ್ 13.

ಕಡತಪ್ರಿಯ:
ಮೇಷ್ಟ್ರು ಘಟನೆಗಳನ್ನು ಕೊಟ್ಟಿದ್ದಾರೆ, ನಾನು ಭಗತ್ ಸಿಂಗ್ ಅವರದೇ ಬರಹದ ಕಡೆಗೆ ಬರುತ್ತೇನೆ. 1929ರ ಜೂನ್ 6ರ ಕೋರ್ಟ್ ಹೇಳಿಕೆಯಲ್ಲಿ ಕ್ರಾಂತಿ ಎಂದರೆ ಬಾಂಬು-ಪಿಸ್ತೂಲಿನ ಆರಾಧನೆಯಲ್ಲ, ಅನ್ಯಾಯದ ಮೇಲೆ ನಿಂತ ವ್ಯವಸ್ಥೆ ಬದಲಾಗಬೇಕು ಎಂದಿದೆ. ಅದಕ್ಕಿಂತ ಗಟ್ಟಿಯಾದದ್ದು 1931ರ ಫೆಬ್ರವರಿ 2ರಂದು, ಗಲ್ಲಿಗೇರುವ ಏಳು ವಾರ ಮೊದಲು, ಯುವ ಕಾರ್ಯಕರ್ತರಿಗೆ ಬರೆದದ್ದು. ಶುರುವಿನ ದಿನಗಳನ್ನು ಬಿಟ್ಟರೆ ತಾನು ಭಯೋತ್ಪಾದಕನಲ್ಲ, ಆ ದಾರಿಯಿಂದ ಏನೂ ದಕ್ಕುವುದಿಲ್ಲ, ರೈತ-ಕಾರ್ಮಿಕರನ್ನು ಸಂಘಟಿಸಬೇಕು ಎನ್ನುತ್ತಾರೆ. ಎರಡು ನಿಮಿಷ ಇದಕ್ಕೇ ಇಡಿ.

ಎಡವುವ ಜಾಗ ಎರಡಿವೆ. ಅದೇ ಬರಹದಲ್ಲಿ ಆಯುಧ ಪೂರ್ತಿ ನಿರುಪಯುಕ್ತ ಎಂದಿಲ್ಲ. ರಾಜಕೀಯ ಕೆಲಸಕ್ಕೆ ಬೆಂಬಲವಾಗಿ, ಅದರ ಹಿಂದೆ ಇರಲಿ ಎಂದಿದೆ. ಹಾಗಾಗಿ ಅವರನ್ನು ಗಾಂಧಿವಾದಿ ಮಾಡಲು ಹೋಗಬೇಡಿ. ಇನ್ನೊಂದು, ಗಾಂಧೀಜಿಯ ಟೀಕೆಗೆ 1930ರ ಜನವರಿಯಲ್ಲಿ ಬಂದ ಬಾಂಬಿನ ಸಮರ್ಥನೆಯ ಕರಪತ್ರ. ಅದನ್ನು ಬರೆದವರು ಅವರ ಸಂಗಾತಿ ಭಗವತಿ ಚರಣ್ ವೋಹ್ರಾ. ಎದುರಾಳಿ ಅದನ್ನು ಭಗತ್ ಸಿಂಗ್ ಹೆಸರಲ್ಲಿ ಓದಿದರೆ ಅಲ್ಲೇ ತಡೆಯಿರಿ.

ಮದ್ದೂರಿನವ:
ಕೊನೆಗೆ ನಮ್ಮ ಸೀಮೆಯದು ಅರ್ಧ ನಿಮಿಷ ಸಾಕು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ಬಾವುಟ ಏರಿಸಿದ್ದು ಬರಿಗೈಯಲ್ಲಿ. 1942ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಜನರ ಕೈಯಲ್ಲಿ ಸತ್ತರು, ಮುಂದಿನ ಮಾರ್ಚ್‌ನಲ್ಲಿ ಊರಿನ ಐದು ಜನರಿಗೆ ಗಲ್ಲಾಯಿತು. ಎರಡೂ ಒಂದೇ ಮೈಸೂರು ಸಂಸ್ಥಾನದ ಕಥೆ. ಅಕ್ಕಪಕ್ಕ ಇಟ್ಟು ಹೇಳಿ, ಆದರೆ ಈಸೂರಿನವರಿಗೆ ಭಗತ್ ಸಿಂಗ್ ಪ್ರೇರಣೆ ಅಂತ ಸೇರಿಸಬೇಡಿ. ತೀರ್ಪುಗಾರರು ಪುರಾವೆ ಕೇಳುತ್ತಾರೆ.