ಪದಚರ್ಚೆ: ‘ಯಜಮಾನಿ’ ಎಂದರೆ ಮನೆಯ ಒಡತಿಯೋ, ಯಜಮಾನನ ಹೆಂಡತಿಯೋ?

ಬಳಗದವರಿಗೆ ನಮಸ್ಕಾರ.

ಸ್ವಸಹಾಯ ಸಂಘದ ಹೆಂಗಸರಿಗಾಗಿ ತಯಾರಾಗುತ್ತಿರುವ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇನೆ. ಪಡಿತರ ಚೀಟಿ, ಬ್ಯಾಂಕ್ ಖಾತೆ, ಪಹಣಿ, ಗೃಹಲಕ್ಷ್ಮಿ, ಇಂಥ ಕಾಗದಪತ್ರಗಳ ವಿಷಯ. ಅದರಲ್ಲೊಂದು ವಾಕ್ಯ ಹೀಗಿದೆ: “ಕುಟುಂಬದ ಯಜಮಾನಿಯು ತನ್ನ ಹಾಗೂ ತನ್ನ ಯಜಮಾನರ ಆಧಾರ್ ಸಂಖ್ಯೆಯನ್ನು ತರತಕ್ಕದ್ದು.” ವ್ಯಾಕರಣದಲ್ಲಿ ತಪ್ಪೇನಿಲ್ಲ. ಬರೆದವರು ‘ಪತಿ’ ಅನ್ನುವ ಬದಲು ಹಳ್ಳಿಯ ಕಿವಿಗೆ ಹತ್ತಿರವಾಗಲಿ ಎಂದು ‘ಯಜಮಾನರು’ ಎಂದಿದ್ದಾರೆ, ಅದೂ ಸರಿಯೇ. ಆದರೆ ಮನೆಗೆ ಯಜಮಾನಿ ಇವಳೇ ಆದಮೇಲೆ ಇವಳಿಗೊಬ್ಬ ಯಜಮಾನ ಎಲ್ಲಿಂದ ಬಂದ? ತಿದ್ದಬೇಕೋ ಬಿಡಬೇಕೋ ತೀರ್ಮಾನವಾಗದೆ ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

‘ಯಜಮಾನಿ’ ಹೊಸ ಪದವಲ್ಲ. ಆದರೆ 2023ರ ತನಕ ಅದು ಕಚೇರಿಯ ಕಾಗದದಲ್ಲಿ ಇಷ್ಟು ಓಡಾಡಿದ್ದಿಲ್ಲ. ಆ ವರ್ಷ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. “ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ.” ಗೋಡೆಬರಹ, ಜಾಹೀರಾತು, ಅರ್ಜಿ ನಮೂನೆ, ಟಿವಿ ಚರ್ಚೆ, ಎಲ್ಲ ಕಡೆ ಈ ಪದ ಬಂದು ಕೂತಿತು. ಅದರ ಬೆನ್ನಿಗೇ ಮನೆಮನೆಯಲ್ಲೂ ಒಂದು ಪದಚರ್ಚೆ ಶುರುವಾಯಿತು: ಯಜಮಾನಿ ಅಂದರೆ ಯಾರು, ಅತ್ತೆಯೋ ಸೊಸೆಯೋ?

ಸರ್ಕಾರದ ಮಟ್ಟಿಗೆ ಉತ್ತರ ಸಿದ್ಧವಿತ್ತು. ಪಡಿತರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥೆ ಎಂದು ಯಾರ ಹೆಸರಿದೆಯೋ ಅವಳೇ ಯಜಮಾನಿ. ಮುಖ್ಯಸ್ಥೆ ಯಾರಾಗಬೇಕು ಎಂಬುದಕ್ಕೂ ಅದಕ್ಕೆ ಹತ್ತು ವರ್ಷ ಮುಂಚೆಯೇ ಕಾನೂನಿತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಂ ಪ್ರಕಾರ ಪಡಿತರ ಚೀಟಿಯ ಮಟ್ಟಿಗೆ ಮನೆಯಲ್ಲಿರುವ 18 ವರ್ಷ ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳೇ ಮುಖ್ಯಸ್ಥೆ. ವಯಸ್ಸಿಗೆ ಬಂದ ಹೆಂಗಸು ಇಲ್ಲದ ಮನೆಯಲ್ಲಿ ಹಿರಿಯ ಗಂಡಸು ಆ ಜಾಗದಲ್ಲಿರಬಹುದು. ಅದೂ ಮನೆಯ ಹುಡುಗಿಗೆ 18 ತುಂಬುವ ತನಕ ಮಾತ್ರ. ಆಮೇಲೆ ಅವಳಿಗೆ ಬಿಟ್ಟುಕೊಡಬೇಕು. ನನಗೆ ಈ ಕಲಂ ಬಹಳ ಇಷ್ಟ. ಗಂಡಸನ್ನು ‘ಹಂಗಾಮಿ’ ಮಾಡಿದ ಕಾನೂನುಗಳು ನಮ್ಮಲ್ಲಿ ಹೆಚ್ಚಿಲ್ಲ.

ಹಿರಿಯಳು ಎಂದಾಗ ಸಹಜವಾಗಿ ಅತ್ತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಇದ್ದರೂ ಸೊಸೆಯ ಕಾಲ ಬರುವ ತನಕ ಕಾಯುವವರು ಯಾರು? ಚೀಟಿಯಲ್ಲಿ ಮುಖ್ಯಸ್ಥೆಯ ಹೆಸರು ಬದಲಾಯಿಸಿಕೊಡಿ ಎಂದು ಅರ್ಜಿಗಳು ಬಿದ್ದವು, ಒಲೆ ಬೇರೆ ಮಾಡಿ ಬೇರೆ ಚೀಟಿ ಕೇಳಿದವರೂ ಇದ್ದರು. ಪತ್ರಿಕೆಗಳಿಗೆ ಅದು ತಮಾಷೆಯ ಸುದ್ದಿಯಾಯಿತು. ನನಗೇನೋ ಅದು ತಮಾಷೆಯಾಗಿ ಕಾಣಲಿಲ್ಲ. ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆ ಎನ್ನುವುದರ ಮೇಲೆ ಅಷ್ಟು ಕಾಲ ನಿರ್ಧಾರವಾಗುತ್ತಿದ್ದ ಅರ್ಥವೊಂದು ಮೊದಲ ಸಲ ಬ್ಯಾಂಕ್ ಪಾಸ್‌ಬುಕ್ಕಿಗೆ ಬಂದಿತ್ತು. ದುಡ್ಡಿದ್ದ ಕಡೆ ಜಗಳ ಇರದೆ ಇರುತ್ತದೆಯೇ?

ಇನ್ನು ವ್ಯುತ್ಪತ್ತಿ. ಸಂಸ್ಕೃತದಲ್ಲಿ ‘ಯಜಮಾನ’ ಎಂದರೆ ತನಗೆ ಫಲ ಬೇಕೆಂದು ಯಾಗ ಮಾಡಿಸುವವನು. ‘ಯಜ್’ ಧಾತುವಿನ ಆತ್ಮನೇಪದ ರೂಪ, ಅಂದರೆ ಕೆಲಸದ ಫಲ ಮಾಡುವವನಿಗೇ ಸೇರುತ್ತದೆ ಎಂದು ಹೇಳುವ ಕ್ರಿಯಾರೂಪ. ಪುರೋಹಿತರು ದುಡಿಯುವುದು ಪರರಿಗಾಗಿ, ಆದ್ದರಿಂದ ಅವರದು ‘ಯಜಂತಿ’. ಫಲ ದಕ್ಕುವುದು ಇವನಿಗೆ, ಆದ್ದರಿಂದ ಇವನದು ‘ಯಜತೇ’. ಹಾಗೆಂದು ಇವನೊಬ್ಬನೇ ಯಾಗಕ್ಕೆ ಕೂರುವಂತಿಲ್ಲ, ಪಕ್ಕದಲ್ಲಿ ಹೆಂಡತಿ ಇರಬೇಕು. ‘ಪತ್ನೀ’ ಎಂಬ ಪದವೇ ಯಜ್ಞದ ಸಂಬಂಧದಲ್ಲಿ ಹುಟ್ಟಿದ್ದು ಎಂದು ಪಾಣಿನಿ ಸೂತ್ರ ಮಾಡಿದ್ದಾನೆ (4.1.33). ಕನ್ನಡಕ್ಕೆ ಬರುವ ಹೊತ್ತಿಗೆ ಯಾಗ ಕಳಚಿಹೋಗಿ ದಣಿ, ಒಡೆಯ, ಕುಲದ ಹಿರಿಯ, ಕೊನೆಗೆ ಗಂಡ ಎನ್ನುವ ಅರ್ಥಗಳು ಉಳಿದವು. ಹಳೆ ಮೈಸೂರಿನ ಕಡೆ ‘ನಮ್ಮೆಜಮಾನ್ರು’ ಅಂದರೆ ಗಂಡ, ಬೇರೆ ಅರ್ಥ ಹೊಳೆಯುವುದೇ ಇಲ್ಲ.

ತೊಡಕಿರುವುದು ಸ್ತ್ರೀಲಿಂಗದ ಪ್ರತ್ಯಯದಲ್ಲಿ. ಸಂಸ್ಕೃತ ಇಲ್ಲಿ ಒಂದು ಜಾಣತನ ಮಾಡಿದೆ. ತಾನೇ ಪಾಠ ಹೇಳುವವಳು ‘ಆಚಾರ್ಯಾ’, ಆಚಾರ್ಯನ ಹೆಂಡತಿ ‘ಆಚಾರ್ಯಾನೀ’. ಎರಡಕ್ಕೂ ಬೇರೆ ಬೇರೆ ರೂಪ. ಕನ್ನಡದಲ್ಲಿ ಆ ಭೇದ ಇಲ್ಲ. ಗೌಡತಿ ಎಂದರೆ ಗೌಡನ ಹೆಂಡತಿ. ಗೌಡಿಕೆ ನಡೆಸುವ ಹೆಂಗಸಿಗೂ ಅದೇ ಪದ. ಸಾಹುಕಾರ್ತಿ ಬಡ್ಡಿ ವ್ಯವಹಾರ ಮಾಡುವವಳೋ ಸಾಹುಕಾರನ ಮನೆಯಾಕೆಯೋ, ಪದದಿಂದ ತಿಳಿಯುವುದಿಲ್ಲ. ನಾವು ಸಾಮಾನ್ಯವಾಗಿ ಹೆಂಡತಿ ಎಂದೇ ತಿಳಿದುಕೊಳ್ಳುತ್ತೇವೆ. ಪ್ರತ್ಯಯದ ಮೇಲೆ ತಪ್ಪು ಹೊರಿಸಿ ಫಲವಿಲ್ಲ, ಗೌಡಿಕೆ ಹೆಂಗಸಿನ ಕೈಗೆ ಬಂದದ್ದು ಎಷ್ಟು ಸಲ? ಬಂದ ಉದಾಹರಣೆಗಳೂ ಇವೆಯೆನ್ನಿ. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡ (ನಾಡಗೌಡ) ತೀರಿಹೋದಾಗ ಆ ಪದವಿ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಆಡಳಿತ ನಡೆಸಿ, ಕೊನೆಗೆ ಬಂದಣಿಕೆಯಲ್ಲಿ ಸಲ್ಲೇಖನದಿಂದ, ಅಂದರೆ ಜೈನರ ಉಪವಾಸ ವ್ರತದಿಂದ, ದೇಹ ಬಿಟ್ಟಳೆಂದು ಶಾಸನವಿದೆ. ಆಕೆಯನ್ನು ಬರೀ ‘ಗೌಡತಿ’ ಎಂದು ಕರೆದರೆ ಅರ್ಧ ಚರಿತ್ರೆ ನುಂಗಿದಂತೆ.

‘ಯಜಮಾನಿ’ಗೂ ಇದೇ ಗತಿ. ಯಜಮಾನ ಇದ್ದಾನೆ, ಆದ್ದರಿಂದ ಯಜಮಾನಿ. ಅವನು ಹೋದಮೇಲೆ ಇವಳನ್ನು ಯಜಮಾನಿ ಎನ್ನುತ್ತಾರೆಯೇ? ನಮ್ಮ ಊರಿನ ಕಡೆ ನಾನು ಕೇಳಿಲ್ಲ. ಹೊಲ, ಕಣ, ಸಾಲ, ಮಗಳ ಮದುವೆ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ವಿಧವೆಯನ್ನು ಊರಿನವರು “ಗಂಡಸಿನ ಹಾಗೆ ಮನೆ ನಡೆಸಿದಳು” ಎಂದು ಮೆಚ್ಚುತ್ತಾರೆ, ಯಜಮಾನಿ ಎನ್ನುವುದಿಲ್ಲ. ಸಂಸಾರದ ಹೊಣೆ ಪೂರ್ತಿ ಯಾರ ಹೆಗಲ ಮೇಲಿದೆಯೋ ಅವಳಿಗೇ ಆ ಪದ ಸಲ್ಲದ ಸ್ಥಿತಿ.

ಇದಕ್ಕೆ ಅಪವಾದ ತುಳುನಾಡಿನಲ್ಲಿದೆ. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬಗಳಲ್ಲಿ ಆಸ್ತಿಯ ಮೇಲ್ವಿಚಾರಣೆ ಹಿರಿಯ ಸದಸ್ಯರದು. ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ದಕ್ಷಿಣ ಕನ್ನಡದ ಹಳೆಯ ದಾವೆಗಳ ಕಾಗದ ಓದಿದ ವಕೀಲರಿಗೆ ಈ ಪದಗಳ ಪರಿಚಯ ಇದ್ದೇ ಇರುತ್ತದೆ. ಇಲ್ಲಿ ಯಜಮಾನ್ತಿಗೆ ‘ಯಜಮಾನನ ಹೆಂಡತಿ’ ಎಂಬ ಅರ್ಥ ಬರಲು ಸಾಧ್ಯವೇ ಇಲ್ಲ. ಕುಟುಂಬದ ಯಜಮಾನ ಅವಳ ಅಣ್ಣನೋ ಸೋದರಮಾವನೋ ಆಗಿರುತ್ತಾನೆ. ಅವನ ಹೆಂಡತಿ ಇನ್ನೊಂದು ಕುಟುಂಬಕ್ಕೆ ಸೇರಿದವಳು, ಇವಳ ಗಂಡನೂ ಇನ್ನೊಂದು ಕುಟುಂಬದವನು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿದುಬಂದಾಗ ಪದದ ಅರ್ಥವೂ ತಾನಾಗಿ ನೆಟ್ಟಗಾಯಿತು. ಅಲ್ಲೂ ವ್ಯವಹಾರವೆಲ್ಲ ಮಾವಂದಿರ ಕೈಯಲ್ಲೇ ಇರುತ್ತಿತ್ತು ಎಂದು ಕರಾವಳಿಯ ಗೆಳೆಯರು ನನ್ನನ್ನು ತಿದ್ದುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೇಳುತ್ತಿರುವುದು ಪದದ ಮಾತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಆ ಪದ್ಧತಿಯ ಬಿಗಿಯೂ ಸಡಿಲಿತು.

ಉಳಿದ ಕಡೆಯ ಅವಿಭಕ್ತ ಕುಟುಂಬದ ವ್ಯವಹಾರ ನೋಡಿಕೊಳ್ಳುವ ಹಿರಿಯನಿಗೆ ಕಾನೂನಿನ ಪದ ‘ಕರ್ತ’. ಅದಕ್ಕಂತೂ ಕನ್ನಡದಲ್ಲಿ ಸ್ತ್ರೀಲಿಂಗವೇ ಬಳಕೆಗೆ ಬರಲಿಲ್ಲ, ಬೇಕಾಗಿದ್ದಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮ ಪಾಲು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಹಿರಿಯ ಮಗಳು ಕರ್ತ ಆಗಬಹುದು ಎಂದು ದೆಹಲಿ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಹೇಳಿತು. ಈಗ ಅವಳನ್ನು ಏನೆನ್ನೋಣ? ‘ಕರ್ತ್ರೀ’ ಎಂದರೆ ನಾಲಿಗೆಯೂ ತೊಡರುತ್ತದೆ, ಕಿವಿಗೆ ಕತ್ತರಿಯೂ ಕೇಳಿಸುತ್ತದೆ.

ಪಂಚಾಯಿತಿಯ ಪದಪ್ರಯೋಗ ಇನ್ನೂ ಸೊಗಸು. ಕರ್ನಾಟಕದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗಲೇ ಇಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿತ್ತು, ದೇಶದ ಪಂಚಾಯಿತಿಗಳಿಗೆಲ್ಲ ಮಹಿಳಾ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿಗಿಂತ ಮುಂಚೆ. 2010ರಿಂದ ಅದು ಅರ್ಧಕ್ಕೆ ಏರಿದೆ. ಭಾಷೆ ಮಾತ್ರ ತನ್ನ ಗತಿಯಲ್ಲಿ ಬರುತ್ತಿದೆ. ಹಾಸನದ ಕಡೆಯ ಒಂದು ಪಂಚಾಯಿತಿ ಕಚೇರಿಯಲ್ಲಿ ನಾನೇ ಕೇಳಿದ ಮಾತು: “ಅಧ್ಯಕ್ಷರು ಮನೇಲಿ ಅಡ್ಗೆ ಮಾಡ್ತಾವ್ರೆ ಸಾ, ಏನಿದ್ರೂ ಅಧ್ಯಕ್ಷರ ಯಜಮಾನ್ರತ್ರ ಹೇಳಿ.” ಗೋಡೆಯ ಹಲಗೆಯಲ್ಲಿ ಹೆಸರು ಆಕೆಯದು, ಅದರ ಕೆಳಗಿನ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದವರು ಯಜಮಾನರು. ಹೇಳಿದಾತ ವ್ಯಂಗ್ಯವಾಡಲಿಲ್ಲ, ನನಗೆ ದಾರಿ ತೋರಿಸುತ್ತಿದ್ದ ಅಷ್ಟೆ. ಬೇರೆ ಬಗೆಯ ಅಧ್ಯಕ್ಷೆಯರನ್ನೂ ಕಂಡಿದ್ದೇನೆ. ಗಂಡನನ್ನು ಸ್ಕೂಟರಿನ ಹತ್ತಿರವೇ ನಿಲ್ಲಿಸಿ ಬರುವಂಥವರು.

ಸಮಸ್ಯೆಗೆ ಇನ್ನೊಂದು ಮಗ್ಗುಲಿದೆ. ಸ್ತ್ರೀವಾದದ ಬರಹಗಳಲ್ಲಿ, ಬಂಡಾಯ ಸಾಹಿತ್ಯದ ಕಾಲದಿಂದೀಚೆಗಿನ ವಿಮರ್ಶೆಯಲ್ಲಿ, ‘ಯಜಮಾನಿಕೆ’, ‘ಯಾಜಮಾನ್ಯ’ ಎಂದರೆ ಬೈಗುಳದ ಪದ. ಗಂಡಿನ ಯಜಮಾನಿಕೆ, ಮೇಲ್ಜಾತಿಯ ಯಜಮಾನಿಕೆ, ಬಂಡವಾಳದ ಯಜಮಾನಿಕೆ, ಇವನ್ನೆಲ್ಲ ಕಳಚಿಕೊಳ್ಳಬೇಕು ಎಂಬುದು ಅಲ್ಲಿನ ಮಾತು. ಸರ್ಕಾರದ ಕಾಗದದಲ್ಲಿ ಯಜಮಾನಿಯಾಗುವುದೇ ಸಬಲೀಕರಣ. ಈ ಕೈಪಿಡಿಯ ಮೂರನೇ ಅಧ್ಯಾಯದಲ್ಲಿ “ಯಜಮಾನಿಕೆಯನ್ನು ಪ್ರಶ್ನಿಸೋಣ” ಎಂಬ ಹಾಡಿದೆ, ನಾಲ್ಕನೆಯದರಲ್ಲಿ “ಯಜಮಾನಿಯಾಗಲು ಬೇಕಾದ ದಾಖಲೆಗಳು” ಎಂಬ ಪಟ್ಟಿಯಿದೆ. ಓದುವವಳು ಏನೆಂದುಕೊಳ್ಳಬೇಕು?

ಗೃಹಲಕ್ಷ್ಮಿಯ ನಿಯಮವೂ ಗಂಡನನ್ನು ಪೂರ್ತಿ ಬಿಟ್ಟಿಲ್ಲ. ಅರ್ಜಿಗೆ ಗಂಡನ ಆಧಾರ್ ಕೇಳುತ್ತಾರೆ. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವಂತಿಲ್ಲ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವಂತಿಲ್ಲ. ಉಳ್ಳವರನ್ನು ಹೊರಗಿಡಲು ಇದು ಬೇಕೇ ಬೇಕು, ಆ ಬಗ್ಗೆ ತಕರಾರಿಲ್ಲ. ಹಾಗಾಗಿ ಗಂಡನನ್ನು ಸೂಚಿಸುವ ಪದ ಆ ವಾಕ್ಯದಲ್ಲಿ ಇರಲೇಬೇಕು. ಯಾವ ಪದ ಎನ್ನುವುದಷ್ಟೇ ಪ್ರಶ್ನೆ.

ನನ್ನ ಒಲವು ಹೀಗಿದೆ. ‘ಯಜಮಾನಿ’ಯನ್ನು ಉಳಿಸಿಕೊಳ್ಳಬೇಕು. ‘ಮುಖ್ಯಸ್ಥೆ’ ಕಚೇರಿಯ ಮಾತು, ಇಲಾಖೆಯ ಮುಖ್ಯಸ್ಥರ ಸಾಲಿಗೆ ಸೇರಿದ್ದು. ಅದನ್ನು ಕೇಳಿ ಸಂಘದ ಹೆಂಗಸರು “ಅದ್ಯಾರವ್ವಾ?” ಎನ್ನುತ್ತಾರೆ. ಯಜಮಾನಿ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಮೇಲಾಗಿ ಈಗ ಅದರ ಹಿಂದೆ ಖಾತೆಗೆ ಬೀಳುವ ದುಡ್ಡಿದೆ. ಗಂಡನಿಗೆ ‘ಯಜಮಾನರು’ ಬೇಡ, ‘ಗಂಡ’ ಎಂದೇ ಬರೆಯೋಣ ಎಂದಿದ್ದೆ. ಕೈಪಿಡಿ ಸಿದ್ಧಪಡಿಸುತ್ತಿರುವವರು ಅದು ಒರಟು ಎನ್ನುತ್ತಾರೆ. ‘ಪತಿ’ ಸಿನಿಮಾ ಹೆಸರಿನಂತೆ ಕೇಳಿಸುತ್ತದೆ ಎಂದು ನಾನು. ಧಾರವಾಡದ ಕಡೆಯ ಒಬ್ಬರು ‘ಮನಿಯವರು’ ಸೂಚಿಸಿದರು. ಮರ್ಯಾದೆಯೂ ಇದೆ, ಮೇಲು ಕೀಳೂ ಇಲ್ಲ. ಆದರೆ “ಮನೆಯವರ ಆಧಾರ್ ತನ್ನಿ” ಎಂದರೆ ಮನೆಮಂದಿಯದ್ದೆಲ್ಲ ಹೊತ್ತು ತಂದಾರು.

ಆದ್ದರಿಂದ ಬಳಗದವರನ್ನು ಕೇಳಿಕೊಳ್ಳುವುದು: ನಿಮ್ಮ ಕಡೆ ಗಂಡನಿಲ್ಲದೆ, ಅಥವಾ ಗಂಡನಿದ್ದೂ ಅವನ ಹಂಗಿಲ್ಲದೆ ಮನೆ ನಡೆಸುವ ಹೆಂಗಸಿಗೆ ಆಡುಮಾತಿನಲ್ಲಿ ಏನೆನ್ನುತ್ತಾರೆ? ಬೀದರ್, ಕಲಬುರಗಿ ಕಡೆಯವರು, ಸೋಲಾಪುರದ ಕನ್ನಡಿಗರು, ಕೊಳ್ಳೇಗಾಲದವರು ವಿಶೇಷವಾಗಿ ಬರೆಯಬೇಕು, ಆ ಕಡೆಯ ಮಾತು ನನ್ನ ಕಿವಿಗೆ ಬಿದ್ದದ್ದು ಕಡಿಮೆ. ‘ಹಿರೇತನ’ ಎಂಬ ಪದವನ್ನು ಹೆಂಗಸಿಗೆ ಹಚ್ಚುತ್ತಾರೆಯೇ? ‘ಯಜಮಾನ್ತಿ’ ಕರಾವಳಿಯ ಇಂದಿನ ಮಾತಿನಲ್ಲಿ ಉಳಿದಿದೆಯೇ, ಉಳಿದಿದ್ದರೆ ವಯಸ್ಸಾದವರ ಬಾಯಲ್ಲಿ ಮಾತ್ರವೇ? ಎಷ್ಟೋ ಮನೆಗಳಲ್ಲಿ ಹೆಂಗಸೇ ದುಡಿದು, ದುಡ್ಡು ಎಣಿಸಿ, ಸಾಲ ತೀರಿಸುತ್ತಾಳಲ್ಲ, ಅಂಥ ಮನೆಯ ಬಗ್ಗೆ ಪಕ್ಕದ ಮನೆಯವರು ಏನು ಹೇಳುತ್ತಾರೆ ಎಂಬುದನ್ನು ಅವರದೇ ವಾಕ್ಯದಲ್ಲಿ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು. ನಿಘಂಟಿನ ಅರ್ಥ ಬೇಡ, ಅದು ನನ್ನ ಹತ್ತಿರ ಇದೆ. ಕೈಪಿಡಿ ಮುದ್ರಣಕ್ಕೆ ಹೋಗುವುದು ಮುಂದಿನ ತಿಂಗಳು.