ಅಪ್‌ಡೇಟ್: ಮೂರು ದಿನ, ಐದು ಜನ, ಇಸ್ತಾಂಬುಲ್

ಐದು ಜನ ಗೆಳೆಯರು ಮೂರೇ ದಿನಕ್ಕೆ ಇಸ್ತಾಂಬುಲ್‌ಗೆ ಹೊರಟಿದ್ದೇವೆ, ಏನು ನೋಡುವುದು, ಏನು ಬಿಡುವುದು ಎಂದು ಇಲ್ಲಿ ಕೇಳಿದ್ದೆ. ಹೋಗಿ ಬಂದೆವು. ಜಗಳ ಆದದ್ದು ಒಂದೇ ಸಲ, ಅದೂ ನನ್ನ ದೆಸೆಯಿಂದ.

ಟೋಪ್‌ಕಾಪಿ ಅರಮನೆಗೆ ಮಂಗಳವಾರ ರಜೆ ಎಂದು ನಿಮ್ಮಲ್ಲೊಬ್ಬರು ಎಚ್ಚರಿಸಿದ್ದಿರಿ. ಓದಿ, ತಲೆಯಾಡಿಸಿ, ಮರೆತಿದ್ದೆ. ಸರಿಯಾಗಿ ಮಂಗಳವಾರ ಬೆಳಿಗ್ಗೆಯೇ ನಾಲ್ವರನ್ನೂ ನಿದ್ದೆಯಿಂದ ಎಬ್ಬಿಸಿ ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿದೆ. ಅವರ ಮುಖ ನೋಡಬೇಕಿತ್ತು!

ಮಾನ ಉಳಿಸಿದ್ದು ಹತ್ತಿರದಲ್ಲೇ ಇದ್ದ ಬೆಸಿಲಿಕಾ ನೆಲಮಾಳಿಗೆ. ಆರನೆಯ ಶತಮಾನದ ನೀರಿನ ತೊಟ್ಟಿ. 336 ಕಂಬಗಳು, ಕಾಲಡಿಯಲ್ಲಿ ತೆಳುವಾದ ನೀರು. ಮೂಲೆಯ ಎರಡು ಕಂಬಗಳ ಬುಡದಲ್ಲಿ ಗ್ರೀಕ್ ಪುರಾಣದ ಹಾವುಗೂದಲಿನ ಮೆಡೂಸಾಳ ಕಲ್ಲಿನ ತಲೆಗಳಿವೆ, ಒಂದು ತಲೆಕೆಳಗಾಗಿ, ಇನ್ನೊಂದು ಅಡ್ಡವಾಗಿ. ಕತ್ತು ವಾಲಿಸಿ ನೋಡುತ್ತ ನಿಂತ ಐವರೂ ಬೆಳಗಿನ ಸಿಟ್ಟನ್ನು ಅಲ್ಲೇ ಬಿಟ್ಟೆವು.

ಹಿಂದೆ ಚರ್ಚಾಗಿದ್ದು ಈಗ ಮಸೀದಿಯಾಗಿರುವ ಹಾಗಿಯಾ ಸೋಫಿಯಾದಲ್ಲಿ ಪ್ರವಾಸಿಗರಿಗೆ ಈಗ ಮೇಲಿನ ಮೊಗಸಾಲೆ ಮಾತ್ರ. ಬೇಸರವಾಗಲಿಲ್ಲ, ಮೊಸಾಯಿಕ್ ಚಿತ್ರಗಳು ಹತ್ತಿರದಿಂದ ಕಾಣುವುದು ಅಲ್ಲಿಂದಲೇ.

ಎಮಿನೋನುವಿನಿಂದ ಕಡಿಕೊಯ್‌ಗೆ ದೋಣಿಯಲ್ಲಿ ಹೋಗಿ ಎಂದವರಿಗೆ ವಿಶೇಷ ಧನ್ಯವಾದ. ಸುಮಾರು ಇಪ್ಪತ್ತು ನಿಮಿಷದಲ್ಲಿ ಯುರೋಪಿನಿಂದ ಏಷ್ಯಾ. ಸಣ್ಣ ಸೊಂಟದ ಗಾಜಿನ ಲೋಟದಲ್ಲಿ ಬಿಸಿ ಚಹಾ, ಪಕ್ಕದಲ್ಲೇ ಕಡಲಹಕ್ಕಿಗಳ ಗಲಾಟೆ. ಇಳಿದವರು ಊರು ಸುತ್ತದೆ ಮುಂದಿನ ದೋಣಿಗೇ ಹತ್ತಿ ವಾಪಸು ಬಂದೆವು, ಸುಮ್ಮನೆ ಇನ್ನೊಮ್ಮೆ ಕೂರುವ ಆಸೆಗೆ.

ಗ್ರ್ಯಾಂಡ್ ಬಜಾರ್ ನೋಡಲಾಗಲಿಲ್ಲ. ಅರಮನೆಯೂ ಬಾಕಿ, ಬುಧವಾರ ಬೆಳಿಗ್ಗೆಯೇ ನಮ್ಮ ವಿಮಾನವಿತ್ತು.