ನಮ್ಮ ಹಾಡು ಕೇಳಿ ‘ಗ್ಯಾರೇಜ್ ಪಂಕ್’ ಅಂದರು. ಹೊಗಳಿದ್ದೋ, ಬೈದಿದ್ದೋ?

ಶೆಡ್ ಹುಡುಗ (ಮೈಸೂರು):
ನಾವು ಮೂವರು. ಎರಡು ಗಿಟಾರ್, ಒಂದು ಡ್ರಮ್ಸ್. ಬೇಸ್ ನುಡಿಸುತ್ತಿದ್ದವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಕುವೆಂಪುನಗರದಲ್ಲಿ ಗೆಳೆಯನ ಮನೆಯ ಕಾರ್ ಶೆಡ್‌ನಲ್ಲಿ ಪ್ರಾಕ್ಟೀಸ್. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದೇವೆ. ರಿಂಗ್ ರೋಡ್ ಸಿಗ್ನಲ್ ಬಗ್ಗೆ ಒಂದು ಕನ್ನಡ ಹಾಡು ಕಟ್ಟಿ, ಫೋನಿನಲ್ಲೇ ರೆಕಾರ್ಡ್ ಮಾಡಿ ಕಾಲೇಜಿನ ಸೀನಿಯರ್ ಒಬ್ಬರಿಗೆ ಕೇಳಿಸಿದೆವು. ‘ಒಳ್ಳೇ ಗ್ಯಾರೇಜ್ ಪಂಕ್ ಕಣ್ರೋ’ ಅಂತ ನಕ್ಕು ಹೋದರು. ನಾನು ಕೇಳಿರುವ ಪಂಕ್ (ಒರಟು ಸದ್ದಿನ, ಸಿಟ್ಟಿನ ರಾಕ್ ಸಂಗೀತ) ಎಲ್ಲ 1977ರ ಲಂಡನ್ ಕಡೆಯದು. ಇದು ಅದಕ್ಕಿಂತ ಹಿಂದಿನದಾ, ಆಮೇಲಿನದಾ? ಅಥವಾ ನುಡಿಸಲು ಬರದವರಿಗೆ ಸುಮ್ನೆ ಹೇಳುವ ಮಾತಾ?

ಸರಸ್ವತಿಪುರಂ ರೆಕಾರ್ಡ್ಸ್:
ಹಿಂದಿನದೂ ಹೌದು, ಆಮೇಲಿನದೂ ಹೌದು. ಬೇರು 60ರ ದಶಕದ ಅಮೆರಿಕದಲ್ಲಿದೆ. 1964ರ ಫೆಬ್ರವರಿ 9ರಂದು ಬೀಟಲ್ಸ್ ಅಲ್ಲಿನ ಟಿವಿಯಲ್ಲಿ ನುಡಿಸಿದ್ದನ್ನು 7 ಕೋಟಿಗೂ ಜಾಸ್ತಿ ಜನ ನೋಡಿದರು. ಅದಾದ ಮೇಲೆ ಹೈಸ್ಕೂಲ್ ಹುಡುಗರೆಲ್ಲ ಗಿಟಾರ್ ಹಿಡಿದರು. ಊರಿಗೊಂದು ಪುಟ್ಟ ರೆಕಾರ್ಡ್ ಕಂಪನಿ ಇತ್ತು. ಊರಿನ ರೇಡಿಯೋ ಊರಿನ ಹುಡುಗರ ಹಾಡು ಹಾಕುತ್ತಿತ್ತು. ಮಿಶಿಗನ್‌ನ ಮೆಕ್ಸಿಕನ್ ಮೂಲದ ಮನೆಗಳ ಹುಡುಗರು ಸೇರಿ ಕಟ್ಟಿದ ಬ್ಯಾಂಡ್ ಕ್ವೆಶ್ಚನ್ ಮಾರ್ಕ್ ಅಂಡ್ ದ ಮಿಸ್ಟೀರಿಯನ್ಸ್. ಅವರ ಹಾಡು 1966ರಲ್ಲಿ ಇಡೀ ದೇಶಕ್ಕೇ ನಂಬರ್ ಒನ್ ಆಯಿತು. ಎರಡೇ ವರ್ಷದಲ್ಲಿ ಈ ಭರಾಟೆ ಇಳಿಯಿತು. ಕೆಲವರು ಕಾಲೇಜಿಗೆ, ಕೆಲವರು ವಿಯೆಟ್ನಾಂ ಯುದ್ಧಕ್ಕೆ ಹೋದರು. ಕೇಳುವವರಿಗೂ ಉದ್ದುದ್ದ ಹಾಡುಗಳ ರುಚಿ ಹತ್ತಿತು.

1972ರಲ್ಲಿ ಲೆನ್ನಿ ಕೇ ಎಂಬವರು ಇಂಥ 27 ಹಾಡುಗಳನ್ನು ಹೆಕ್ಕಿ ‘ನಗೆಟ್ಸ್’ ಎಂಬ ಜೋಡಿ ಎಲ್‌ಪಿ (ಹಾಡಿನ ದೊಡ್ಡ ತಟ್ಟೆ) ತಂದರು. ಅದರ ಟಿಪ್ಪಣಿಯಲ್ಲೇ ಇದನ್ನು ಪಂಕ್ ಅಂದಿದ್ದಾರೆ. ನಿಮ್ಮ ಲಂಡನ್ ಹುಡುಗರು ಸ್ಟೇಜ್ ಹತ್ತುವ ಮೊದಲೇ! 80ರ ದಶಕದಲ್ಲಿ ಇನ್ನೊಂದು ತಲೆಮಾರು ಆ ಹಳೇ ಸದ್ದನ್ನೂ ಪಂಕ್‌ನ ಸಿಟ್ಟನ್ನೂ ಕೂಡಿಸಿತು. ಈಗ ಗ್ಯಾರೇಜ್ ಪಂಕ್ ಅಂದರೆ ಜಾಸ್ತಿ ಜನಕ್ಕೆ ಅದೇ.

ಅಂದಹಾಗೆ, 1970, 71ರಲ್ಲಿ ನಮ್ಮ ದೇಶದಲ್ಲೂ ಸಿಮ್ಲಾ ಸಿಗರೇಟಿನವರು ಬ್ಯಾಂಡ್ ಸ್ಪರ್ಧೆ ನಡೆಸಿದ್ದರು. ಅದರ ಎಲ್‌ಪಿಗಳಿವೆ, ಕೇಳಿ.

ಮೈಕ್‌ಸೆಟ್ ಮಂಡ್ಯ:
ಮೇಡಂ ಇತಿಹಾಸ ಹೇಳಿದ್ದಾರೆ. ನಾನು ಸದ್ದಿನ ವಿಷಯ ಹೇಳುತ್ತೇನೆ ತಮ್ಮಾ. ನನ್ನದು ಮಂಡ್ಯದಲ್ಲಿ ಮೈಕ್‌ಸೆಟ್ ಅಂಗಡಿ. ಗಣೇಶನ ಆರ್ಕೆಸ್ಟ್ರಾ, ಮದುವೆ, ನಾಟಕ, ಎಲ್ಲಕ್ಕೂ ಬಾಕ್ಸ್ ಹೊರುವುದು, ಸ್ಪೀಕರಿನೊಳಗೆ ಅದುರುವ ಕಾಗದದ ಕೋನ್ ಹರಿದರೆ ಬದಲಾಯಿಸುವುದು ನನ್ನ ಕಸುಬು. ನಾವು ದುಡ್ಡು ತಗೊಂಡು ವಾಸಿ ಮಾಡುವ ರೋಗವನ್ನು ಈ ಬ್ಯಾಂಡಿನವರು ಬೇಕಂತಲೇ ಬರಿಸಿಕೊಂಡರಲ್ಲ, ಅದಕ್ಕೇ ನನಗೆ ಈ ಸಂಗೀತದ ಹುಚ್ಚು ಹಿಡಿದದ್ದು.

1958ರಲ್ಲಿ ಅಮೆರಿಕದ ಗಿಟಾರಿಸ್ಟ್ ಲಿಂಕ್ ರೇ ತನ್ನ ಆಂಪ್ಲಿಫೈಯರಿನ ಸ್ಪೀಕರಿಗೆ ತೂತು ಹೊಡೆದ. 1964ರಲ್ಲಿ ಲಂಡನ್ನಿನ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ಬ್ಲೇಡ್ ತಗೊಂಡು ಕೋನ್ ಸೀಳಿದ. ಆಗ ಅವನಿಗೆ 17. ಸೀಳಿದ ಕಾಗದ ಅದುರಿ ಗರಗರ ಅನ್ನುತ್ತದೆ. ಗಿಟಾರಿಗೆ ಗಂಟಲು ಕಟ್ಟುತ್ತದೆ. ಇದಕ್ಕಿಂತ ಮಜಾ ಅಮೆರಿಕದ ನ್ಯಾಶ್‌ವಿಲ್ ಊರಿನದು. ಅಲ್ಲೊಂದು ಸ್ಟುಡಿಯೋದಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಹಾಡಿನ ರೆಕಾರ್ಡಿಂಗ್ ನಡೆಯುವಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು ಬೇಸ್ ಗಿಟಾರ್ ಬುರ್ ಅಂತು. ತೆಗೆಯಲಿಲ್ಲ, ಹಾಗೇ ಬಿಟ್ಟರು. 1961ರಲ್ಲಿ ಹಾಡು ಗೆದ್ದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ಸದ್ದು ಬೇಕಾದಾಗ ಬರುವಂತೆ ಒಂದು ಸರ್ಕ್ಯೂಟ್ ಮಾಡಿ ಗಿಬ್ಸನ್ ಕಂಪನಿಗೆ ಕೊಟ್ಟರು. 1962ರಲ್ಲಿ ಅದೇ ಮ್ಯಾಸ್ಟ್ರೋ ಫಜ್‌ಟೋನ್ ಎಂಬ, ಕಾಲಲ್ಲಿ ಒತ್ತುವ ಪೆಡಲ್ ಆಗಿ ಬಂತು. ನನ್ನ ಅಂಗಡಿಯಲ್ಲಿ ಹಾಗೆ ಬುರ್ ಅಂದರೆ ಗಿರಾಕಿ ಬಾಯಿಗೆ ಬಂದಂಗೆ ಬಯ್ಯುತ್ತಾನೆ.

ಇನ್ನು ಅಮೆರಿಕದ ಟಕೋಮಾ ಊರಿನ ಸಾನಿಕ್ಸ್ ಬ್ಯಾಂಡ್. ಅವರ ಮೊದಲ ಎಲ್‌ಪಿ 1965ರದು. ಇಡೀ ಡ್ರಮ್ಸಿಗೆ ಒಂದೇ ಮೈಕ್. ಹಾಡುವವನು ಕೂಗಿದರೆ ಮೀಟರ್ ಮುಳ್ಳು ಕೆಂಪಿನಲ್ಲೇ ನಿಂತಿರಬೇಕು, ಹಾಗಿದೆ ಸದ್ದು. ಮುಂದಿನ ಎಲ್‌ಪಿಗೆ ಸ್ಟುಡಿಯೋದ ಗೋಡೆಗೆ ಹೊಡೆದಿದ್ದ ಸೌಂಡ್‌ಪ್ರೂಫಿಂಗನ್ನೇ ಕಿತ್ತು ಹಾಕಿದರಂತೆ, ಸದ್ದು ಗೋಡೆಗೆ ಬಡಿದು ವಾಪಸ್ ಬರಲಿ ಅಂತ. ನಿನ್ನ ಮೊಟ್ಟೆ ಟ್ರೇ ಸಮಾಚಾರ ಓದಿ ನಗು ಬಂತು.

ಬೇಸ್ ಇಲ್ಲ ಅಂತ ಕೊರಗಬೇಡ. 1986ರಲ್ಲಿ ಡೆಟ್ರಾಯ್ಟ್‌ನಲ್ಲಿ ಶುರುವಾದ ಗೋರೀಸ್ ಬ್ಯಾಂಡಿನಲ್ಲೂ ಎರಡು ಗಿಟಾರ್, ಒಂದು ಡ್ರಮ್ಸ್ ಅಷ್ಟೇ.

ಹಳೇ ಆರ್ಕೆಸ್ಟ್ರಾ (ಮೈಸೂರು):
ಕೆಟ್ಟ ಸ್ಪೀಕರ್, ಕೆಟ್ಟ ರೆಕಾರ್ಡಿಂಗ್, ಬೇಸ್ ಬೇರೆ ಇಲ್ಲ. ಇದನ್ನೂ ಕಲೆ ಅಂತೀರಲ್ಲ! ನಾವು ಮೂವತ್ತು ವರ್ಷ ಕೀಬೋರ್ಡ್ ನುಡಿಸಿದ್ದೇವೆ. ಒಂದು ಸ್ವರ ತಪ್ಪಿದರೆ ಗಾಯಕರು ತಿರುಗಿ ನೋಡುತ್ತಿದ್ದರು. ಈ ಹುಡುಗರಿಗೆ ಮೊದಲು ಸರಿಯಾಗಿ ಕಲಿಯಲು ಹೇಳಿ.

ಮೈಕ್‌ಸೆಟ್ ಮಂಡ್ಯ:
ಅಣ್ಣಾ, ಸ್ವರ ತಪ್ಪಬಹುದು, ತಾಳ ತಪ್ಪಬಾರದು. ನನ್ನ ಮಾತು ಇಷ್ಟೇ. ಪೋರ್ಟ್‌ಲ್ಯಾಂಡ್‌ನ ಕಿಂಗ್ಸ್‌ಮೆನ್ 1963ರಲ್ಲಿ ‘ಲೂಯಿ ಲೂಯಿ’ ರೆಕಾರ್ಡ್ ಮಾಡಿದರಲ್ಲ, ಅದನ್ನೇ ಕೇಳಿ. ಮೈಕ್ ಮೇಲೆ ನೇತಾಡುತ್ತಿತ್ತು. ಜ್ಯಾಕ್ ಈಲಿ ಕತ್ತೆತ್ತಿ ಕೂಗಿ ಹಾಡಿದ. ಸಾಹಿತ್ಯ ಒಂದಕ್ಷರ ತಿಳಿಯದು. ಪೋಲಿ ಹಾಡಿರಬಹುದು ಅಂತ ಎಫ್‌ಬಿಐ ತನಿಖೆ ಮಾಡಿ, ಕೊನೆಗೆ ಯಾವ ಸ್ಪೀಡಿನಲ್ಲಿ ಹಾಕಿದರೂ ಅರ್ಥವಾಗುವುದಿಲ್ಲ ಅಂತ ಕೈಬಿಟ್ಟಿತು! ಗಿಟಾರ್ ಸೋಲೋ ಮುಗಿದ ಮೇಲೆ ಗಮನಿಸಿ. ಈಲಿ ಅವಸರಪಟ್ಟು ಮೊದಲೇ ಹಾಡಲು ಶುರು ಮಾಡಿ ಟಕ್ಕನೆ ನಿಲ್ಲಿಸುತ್ತಾನೆ. ಡ್ರಮ್ಮರ್ ಒಂದು ಪೆಟ್ಟು ಜಾಸ್ತಿ ಹಾಕಿ ಆ ಸಂದು ಮುಚ್ಚುತ್ತಾನೆ. ನಿಮ್ಮ ಆರ್ಕೆಸ್ಟ್ರಾದಲ್ಲಿ ಗಾಯಕರು ಪಲ್ಲವಿ ಮರೆತಾಗ ರಿದಂನವನು ಮಾಡುತ್ತಿದ್ದದ್ದೂ ಅದೇ ತಾನೇ?

ನನಗೆ ಸಿಟ್ಟು ಬರುವುದು ಬೇರೆಯವರ ಮೇಲೆ. ಲಕ್ಷಗಟ್ಟಲೆ ಸುರಿದು ಕ್ಲೀನಾಗಿ ರೆಕಾರ್ಡ್ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ಗಲೀಜು ಸೇರಿಸುತ್ತಾರಲ್ಲ, ಅವರ ಮೇಲೆ. 60ರ ದಶಕದ ಹುಡುಗರಿಗೆ ಹಾಗೇನೂ ಇರಲಿಲ್ಲ. ಚಿಕ್ಕ ವಾಲ್ವ್ ಆಂಪ್ಲಿಫೈಯರ್, ಗಡಿಬಿಡಿ, ಶನಿವಾರದ ಡ್ಯಾನ್ಸ್. ಜನ ಕುಣಿಯಬೇಕಿತ್ತು ಅಣ್ಣಾ. ತಾಳ ಬಿಟ್ಟರೆ ಯಾರು ಕುಣಿಯುತ್ತಾರೆ?

ಹಳೇ ಆರ್ಕೆಸ್ಟ್ರಾ (ಮೈಸೂರು):
ಲೂಯಿ ಕೇಳಿದೆ. ಡ್ರಮ್ಮರ್ ಗಟ್ಟಿ ಆಸಾಮಿ. ಹಾಡುವವನ ಬಗ್ಗೆ ಮಾತು ಬೇಡ.

ಶೆಡ್ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಮೈಕ್‌ಸೆಟ್ ಅಣ್ಣ, ನಮ್ಮ ಆಂಪ್ಲಿಫೈಯರಿನ ಕೋನ್ ಸೀಳೋಣ ಅಂತ ಡ್ರಮ್ಮರ್ ಬ್ಲೇಡ್ ಹಿಡಿದು ಕೂತಿದ್ದಾನೆ. ಸೀಳಬಹುದಾ?

ಮೈಕ್‌ಸೆಟ್ ಮಂಡ್ಯ:
ಮೊದಲು ಬ್ಲೇಡ್ ಕಿತ್ಕೋ! ಅರ್ಧ ಮೊಟ್ಟೆ ಟ್ರೇ ತೆಗೆಯಿರಿ. ಫೋನನ್ನು ಗಿಟಾರ್ ಬಾಕ್ಸಿನ ಮುಂದೆ ಇಡಬೇಡಿ, ಡ್ರಮ್ಸಿನಿಂದ ನಾಲ್ಕೈದು ಅಡಿ ದೂರ ಇಡಿ. ಫೋನು ಜೋರು ಸದ್ದನ್ನು ತಾನೇ ಅಮುಕುತ್ತದೆ, ಹತ್ತಿರ ಇಟ್ಟರೆ ತಾಳವೇ ಮುಚ್ಚಿಹೋಗುತ್ತದೆ. ಗರಗರ ಬೇಕೇ ಬೇಕು ಅಂದರೆ ಹೊಸ ಸ್ಪೀಕರ್ ಯಾಕೆ ಹಾಳು ಮಾಡ್ತೀರ? ನನ್ನ ಅಂಗಡಿ ಮೂಲೆಯಲ್ಲಿ ಹರಿದ ಎಂಟಿಂಚಿನವು ಬೇಕಾದಷ್ಟು ಬಿದ್ದಿವೆ. ಬಂದು ತಗೊಂಡು ಹೋಗಿ, ಕಾಸು ಬೇಡ. ಓಮ್ಸ್ (ಸ್ಪೀಕರಿನ ರೋಧದ ಅಂಕಿ) ನೋಡಿಕೊಂಡು ಜೋಡಿಸಿ, ಇಲ್ಲಾಂದ್ರೆ ಆಂಪ್ಲಿಫೈಯರ್ ಸುಟ್ಟುಹೋಗುತ್ತೆ.